ಟಾನಿಕ್ ಅಂದರೆ ಯಾವ ಟಾನಿಕ್ ಅಣ್ಣಾ?

ನಮ್ಮದು ಶ್ರೀನಿವಾಸಪುರದ ಕಡೆ ಒಂದು ಚಿಕ್ಕ ಗೊಬ್ಬರದ ಅಂಗಡಿ. ಬೀಜ, ಗೊಬ್ಬರ, ಔಷಧಿ ಎಲ್ಲ ಇದೆ. ಬರುವವರಲ್ಲಿ ಅರ್ಧಕ್ಕರ್ಧ ಜನ ಕೇಳುವುದು ಒಂದೇ ಮಾತು. "ಅಣ್ಣಾ, ಒಳ್ಳೇದು ಒಂದು ಟಾನಿಕ್ ಕೊಡು." ಯಾವ ಬೆಳೆಗೆ ಅಂತ ಹೇಳೋದಿಲ್ಲ, ಎಷ್ಟು ದಿನದ ಪೈರು ಅಂತ ಹೇಳೋದಿಲ್ಲ. ಮಗು ಸಪ್ಪಗಿದ್ದರೆ ಮೆಡಿಕಲ್ ಶಾಪಿಗೆ ಹೋಗಿ ಟಾನಿಕ್ ತರುತ್ತೇವಲ್ಲ, ಅದೇ ಲೆಕ್ಕ. ನಾನೂ ಅಂಗಡಿ ಶುರು ಮಾಡಿದ ಮೊದಲ ಎರಡು ವರ್ಷ ಸುಮ್ನೆ ಕೊಟ್ಟು ಕಳಿಸುತ್ತಿದ್ದೆ. ಬಿಎಸ್ಸಿಯಲ್ಲಿ ಸಸ್ಯಶಾಸ್ತ್ರ ಓದಿದವನು ನಾನು, ಆದರೂ. ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ ಆಕ್ಸಿನ್, ಗಿಬ್ಬೆರೆಲಿನ್, ಸೈಟೋಕೈನಿನ್ ಅನ್ನೋ ಗಿಡದ ಹಾರ್ಮೋನುಗಳ ಹೆಸರುಗಳೇ ಈ ಬಾಟಲಿಗಳ ಒಳಗೆ ಕೂತಿವೆ ಅಂತ ನನ್ನ ತಲೆಗೆ ಹೋಗಿದ್ದು ನಮ್ಮದೇ ಟೊಮೆಟೊ ತೋಟ ಹಾಳಾದ ಮೇಲೆ.

ಆ ಕಥೆ ಹೇಳಿಬಿಡುತ್ತೇನೆ, ನಾಚಿಕೆ ಆದರೂ ಪರವಾಗಿಲ್ಲ.

ಮನೆ ಹಿಂದೆ ಒಂದು ಎಕರೆ ಟೊಮೆಟೊ, ಅದರ ಪಕ್ಕ ರಾಗಿ. ರಾಗಿಯಲ್ಲಿ ಅಗಲ ಎಲೆ ಕಳೆ ಜಾಸ್ತಿ ಆಗಿತ್ತು. ತಮ್ಮ ಟೂ-ಫೋರ್-ಡಿ ಅನ್ನೋ ಕಳೆ ಔಷಧಿ ಹೊಡೆದ. ರಾಗಿಗೆ ಏನೂ ಆಗಲಿಲ್ಲ, ಕಳೆ ಮಾತ್ರ ಸುತ್ತಿಕೊಂಡು ಸತ್ತಿತು, ಖುಷಿಯಾಯಿತು. ಐದು ದಿನ ಬಿಟ್ಟು ಅದೇ ಬ್ಯಾಟರಿ ಪಂಪನ್ನು ಒಂದು ಸಲ ನೀರಲ್ಲಿ ಅಲುಗಾಡಿಸಿ ಚೆಲ್ಲಿ, ಟೊಮೆಟೊಗೆ ರೋಗದ ಔಷಧಿ ಹೊಡೆದ. ಮೂರನೇ ದಿನ ಬೆಳಿಗ್ಗೆ ನೋಡಿದರೆ ಗಿಡದ ತುದಿಗಳೆಲ್ಲ ಕೊಕ್ಕೆಯಂತೆ ಬಗ್ಗಿವೆ. ಆಮೇಲೆ ಬಂದ ಹೊಸ ಎಲೆಗಳೂ ಅಗಲ ಬಿಟ್ಟು ದಾರದಂತೆ ಉದ್ದಕ್ಕೆ ಎಳೆದುಕೊಂಡವು. ಕಾಂಡ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿದೆ. ನಾವು ಎಲೆ ಮುರುಟು ರೋಗ ಅಂದುಕೊಂಡೆವು. ಅದು ಬಿಳಿ ನೊಣದಿಂದ ಬರುವ ವೈರಸ್ ಅಲ್ವಾ, ನೊಣಕ್ಕೆ ಔಷಧಿ ಹೊಡೆದೆವು. ಅದೇ ಪಂಪಿನಲ್ಲಿ! ಮತ್ತೆ ಹೆಚ್ಚಾಯಿತು. ಇನ್ನೊಂದು ಸಲ ಹೊಡೆದೆವು. ನೀಲಗಿರಿ ಕಡ್ಡಿ ನೆಟ್ಟು ದಾರ ಕಟ್ಟಿಸಿದ ಕೂಲಿ ಎಲ್ಲ ಮಣ್ಣುಪಾಲು.

ಕೊನೆಗೆ ಕೃಷಿ ಕಾಲೇಜಿನಲ್ಲಿ ಓದುತ್ತಿದ್ದ ಪಕ್ಕದ ಊರಿನ ಹುಡುಗನೊಬ್ಬ ಬಂದ. ಗಿಡ ನೋಡಲಿಲ್ಲ, ಸೀದಾ ಪಂಪಿನ ಮುಚ್ಚಳ ತೆಗೆದು ಮೂಸಿದ. "ಇದರಲ್ಲಿ ಮೊದಲು ಏನು ಹೊಡೆದಿದ್ರಣ್ಣ?" ಅಂದ. ಮಾರುವವನು ನಾನು, ಬಾಟಲಿ ಮೇಲೆ ಬರೆದಿದ್ದು ಓದದೆ ಹೊಡೆದವನು ನನ್ನ ತಮ್ಮ. ಇನ್ನು ಯಾರನ್ನು ಬಯ್ಯೋದು?

ಟೂ-ಫೋರ್-ಡಿ ಅಂದರೆ ನಾವು ತಿಳಿದ ಹಾಗೆ ಬರೀ ವಿಷ ಅಲ್ಲ. ಅದು ಗಿಡದ ಸ್ವಂತ ಹಾರ್ಮೋನಾದ ಆಕ್ಸಿನ್ನಿನ ನಕಲು. ಆಕ್ಸಿನ್ ಹೆಚ್ಚಾಗಿ ತಯಾರಾಗುವುದು ಗಿಡದ ತುದಿಯಲ್ಲಿ. 1880ರ ಹೊತ್ತಿಗೇ ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ ಹುಲ್ಲಿನ ಮೊಳಕೆ ಬೆಳಕಿನ ಕಡೆ ಬಾಗುವುದನ್ನು ನೋಡಿ, ಅದರ ತುದಿಗೆ ಪುಟ್ಟ ಟೋಪಿ ಹಾಕಿಬಿಟ್ಟರು. ಮೊಳಕೆ ಬಾಗಲಿಲ್ಲ. ಬೆಳಕು ಗೊತ್ತಾಗುವುದು ತುದಿಗೆ, ಬಾಗುವುದು ಅದರ ಕೆಳಗೆ. ಅಂದರೆ ಮೇಲಿಂದ ಕೆಳಕ್ಕೆ ಏನೋ ಸುದ್ದಿ ಹೋಗುತ್ತಿದೆ ಅಂತ ಆಯಿತು. ಆ ಸುದ್ದಿಯೇ ಆಕ್ಸಿನ್. ಗಿಡ ತನ್ನ ಆಕ್ಸಿನ್ನನ್ನು ಬೇಕಾದಷ್ಟು ಬಳಸಿ ಉಳಿದದ್ದನ್ನು ಕರಗಿಸಿಕೊಳ್ಳುತ್ತದೆ. ನಕಲಿಯನ್ನು ಅಷ್ಟು ಸುಲಭವಾಗಿ ಕರಗಿಸೋಕೆ ಆಗೋದಿಲ್ಲ. "ಬೆಳೆ, ಬೆಳೆ, ಬೆಳೆ" ಅಂತ ಕಿವಿಯಲ್ಲಿ ಯಾರೋ ಕೂಗುತ್ತಲೇ ಇದ್ದ ಹಾಗೆ. ಗಿಡ ಅಡ್ಡಾದಿಡ್ಡಿ ಬೆಳೆದು ತನ್ನನ್ನೇ ಮುರಿದುಕೊಳ್ಳುತ್ತದೆ. ರಾಗಿ, ಭತ್ತ ಹುಲ್ಲಿನ ಜಾತಿ, ಸರಿಯಾದ ವಯಸ್ಸಿನಲ್ಲಿ ಸರಿಯಾದ ಅಳತೆಯಲ್ಲಿ ಕೊಟ್ಟರೆ ತಡೆದುಕೊಳ್ಳುತ್ತವೆ. ಟೊಮೆಟೊ ಮಾತ್ರ ಮಹಾ ಸೂಕ್ಷ್ಮ, ಪಂಪಿನ ತಳದಲ್ಲಿ ಉಳಿದ ಪಸೆಯೇ ಸಾಕು.

ಆಮೇಲೆ ಇನ್ನೊಂದು ಓದಿ ಬೆರಗಾದೆ. ಇದೇ ಟೂ-ಫೋರ್-ಡಿಯನ್ನು ಹತ್ತು ಲಕ್ಷ ಪಾಲು ನೀರಿಗೆ ಎರಡು ಮೂರು ಪಾಲಿನಷ್ಟು ಮಾತ್ರ ಬೆರೆಸಿ, ಟೊಮೆಟೊ ಹೂವು ಉದುರದೆ ಕಾಯಿ ಕಚ್ಚಲಿ ಅಂತ ಬಳಸಿದವರೂ ಇದ್ದಾರೆ. ಅದೇ ವಸ್ತು, ಅದೇ ಗಿಡ. ಅಳತೆ ಬೇರೆ, ಅಷ್ಟೇ.

ಅಲ್ಲಿಂದ ನನಗೆ ಟಾನಿಕ್ ಅನ್ನೋ ಮಾತೇ ಸರಿ ಬರುವುದಿಲ್ಲ. ಗೊಬ್ಬರ ಊಟ. ಹಾರ್ಮೋನು ಊಟವೂ ಅಲ್ಲ, ಶಕ್ತಿಯೂ ಅಲ್ಲ. ಅದೊಂದು ಮಾತು. ಗಿಡದ ಒಂದು ಭಾಗ ಇನ್ನೊಂದು ಭಾಗಕ್ಕೆ ಹೇಳಿ ಕಳಿಸುವ ಮಾತು. ಯಾವ ಮಾತು, ಯಾರಿಗೆ, ಯಾವಾಗ ಅನ್ನೋದರ ಮೇಲೆ ಎಲ್ಲ ನಿಂತಿದೆ.

ಇದನ್ನು ನೋಡಬೇಕು ಅಂದರೆ ದೂರ ಹೋಗಬೇಕಿಲ್ಲ. ನಮ್ಮ ನೆಂಟರಿಷ್ಟರ ತೋಟಗಳಲ್ಲೇ ಒಂದೇ ಹಾರ್ಮೋನು ಮೂರು ವೇಷ ಹಾಕಿದೆ. ಅದು ಗಿಬ್ಬೆರೆಲಿನ್. "ಉದ್ದ ಆಗು" ಅನ್ನುವ ಮಾತು.

ಅಕ್ಕನನ್ನು ಕೊಟ್ಟಿರುವುದು ಚಿಕ್ಕಬಳ್ಳಾಪುರದ ಹತ್ತಿರ. ಭಾವನದು ದ್ರಾಕ್ಷಿ ತೋಟ. ಬೀಜವಿಲ್ಲದ ದ್ರಾಕ್ಷಿಯನ್ನು ಜಿಎಯಲ್ಲಿ, ಅಂದರೆ ಗಿಬ್ಬೆರೆಲಿನ್ ನೀರಿನಲ್ಲಿ, ಅದ್ದುವ ದಿನ ನಾನೊಮ್ಮೆ ಅಲ್ಲಿದ್ದೆ. ಒಂದು ಗ್ರಾಂ ಪುಡಿಯ ಪೊಟ್ಟಣ. ನೀರಿಗೆ ಸೀದಾ ಹಾಕಿದರೆ ಕರಗದು, ಮೊದಲು ಸ್ವಲ್ಪ ಸ್ಪಿರಿಟ್ಟಿನಲ್ಲಿ ಕರಗಿಸಿ ಆಮೇಲೆ 25 ಲೀಟರ್ ನೀರಿಗೆ. ಅಲ್ಲಿಗೆ 40 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ನೀರಿಗೆ 40 ಪಾಲು. ಭಾವ ಆ ಒಂದು ಪೊಟ್ಟಣವನ್ನು ಬಂಗಾರದ ಪುಡಿ ಚೆಲ್ಲಿದ ಹಾಗೆ ಚೆಲ್ಲುತ್ತಾರೆ, ಕವರನ್ನು ಎರಡೆರಡು ಸಲ ತೊಳೆಯುತ್ತಾರೆ. ಕಾಳು ಇನ್ನೂ ಸಾಸಿವೆಗಿಂತ ಸ್ವಲ್ಪ ದಪ್ಪ. ಹೆಂಗಸರು ಚಪ್ಪರದ ಕೆಳಗೆ ಸಾಲಾಗಿ ನಡೆದುಕೊಂಡು ಹೋಗುತ್ತಾ ಪ್ಲಾಸ್ಟಿಕ್ ಜಗ್ಗನ್ನು ಗೊಂಚಲಿನ ಕೆಳಗೆ ಹಿಡಿದು ಮೇಲೆತ್ತುತ್ತಾರೆ, ಗೊಂಚಲು ಮುಳುಗುತ್ತದೆ, ಇಳಿಸುತ್ತಾರೆ, ಒಂದು ಸಲ ಗೊಂಚಲು ಅಲುಗಿಸಿ ಹನಿ ಉದುರಿಸುತ್ತಾರೆ, ಮುಂದಿನದು. ಸಂಜೆ ಹೊತ್ತಿಗೆ ಮೊಣಕೈ ತನಕ ತೊಯ್ದು ಕೈಯೇ ಮೇಲೇಳುವುದಿಲ್ಲ ಪಾಪ.

ಯಾಕೆ ಅದ್ದಬೇಕು? ಮಾಮೂಲಿ ದ್ರಾಕ್ಷಿಯಲ್ಲಿ ಬೀಜ ಇರುತ್ತದೆ, ಆ ಬೀಜವೇ ಗಿಬ್ಬೆರೆಲಿನ್ ತಯಾರಿಸಿ ಸುತ್ತಲಿನ ತಿರುಳಿಗೆ ದಪ್ಪ ಆಗು ಅಂತ ಹೇಳುತ್ತದೆ. ನಮಗೆ ಬೀಜ ಬೇಡ. ಬೀಜ ಇಲ್ಲ ಅಂದರೆ ಹೇಳುವವರೇ ಇಲ್ಲ, ಕಾಳು ಸಣ್ಣದಾಗೇ ಉಳಿಯುತ್ತದೆ. ಅದಕ್ಕೇ ಬೀಜದ ಪರವಾಗಿ ಭಾವ ಹೋಗಿ ಹೇಳುತ್ತಾರೆ. ಅಳತೆ ಜಾಸ್ತಿ ಆದರೆ ತೊಟ್ಟು ದಪ್ಪಗಾಗಿ ಗಡುಸಾಗುತ್ತದೆ, ಮಾರುಕಟ್ಟೆ ತಲುಪುವಷ್ಟರಲ್ಲಿ ಕಾಳು ಉದುರಿ ಬಾಕ್ಸಿನ ತಳದಲ್ಲಿರುತ್ತದೆ.

ಇನ್ನು ನಮ್ಮ ಸೋದರಮಾವನ ಮಾವಿನ ತೋಟ. ಅಲ್ಲಿ ಇದಕ್ಕೆ ತದ್ವಿರುದ್ಧ. ಮಾವಿನ ಮರಕ್ಕೆ ಗಿಬ್ಬೆರೆಲಿನ್ ಜಾಸ್ತಿ ಇದ್ದರೆ ಚಿಗುರೊಡೆಯುತ್ತದೆ, ಹೂ ಬಿಡುವುದಿಲ್ಲ. ಅದಕ್ಕೆ ಮಳೆಗಾಲದ ಕೊನೆಯ ಹೊತ್ತಿಗೆ ಬುಡದ ಸುತ್ತ ಪಾತಿ ತೋಡಿ ಪ್ಯಾಕ್ಲೋಬ್ಯುಟ್ರಜಾಲ್ ಸುರಿಯುತ್ತಾರೆ. ಅದರ ಕೆಲಸ ಮರ ಗಿಬ್ಬೆರೆಲಿನ್ ತಯಾರಿಸುವುದನ್ನು ತಡೆಯುವುದು. ಒಂದು ವರ್ಷ ಬಿಟ್ಟು ಒಂದು ವರ್ಷ ಕಾಯಿ ಬಿಡುವ ಮರ ವರ್ಷಾ ವರ್ಷ ಹೂ ಬಿಡುತ್ತದೆ. ಚೆನ್ನಾಗಿದೆ ಅಲ್ವಾ? ಆದರೆ ತೋಟವನ್ನು ಎರಡು ವರ್ಷಕ್ಕೆ ಗುತ್ತಿಗೆ ಹಿಡಿದವನಿಗೆ ಮರ ಹತ್ತು ವರ್ಷ ಆದ ಮೇಲೆ ಹೇಗಿರುತ್ತದೆ ಅನ್ನೋ ಚಿಂತೆ ಯಾಕೆ? ಅಳತೆಗಿಂತ ಜಾಸ್ತಿ ಸುರಿದು ಹೋಗುತ್ತಾನೆ. ಅದು ಮಣ್ಣಲ್ಲಿ ಬೇಗ ಕರಗುವುದಿಲ್ಲ. ಮಾವನ ತೋಟದ ಮೇಲಿನ ಸಾಲಿನ ಮರಗಳಲ್ಲಿ ಈಗಲೂ ಚಿಗುರು ಗೇಣುದ್ದ ಬರುವ ಕಡೆ ಬೆರಳುದ್ದ ಬರುತ್ತದೆ, ಎಲೆಗಳು ಒಂದೇ ಕಡೆ ಗುಂಪು ಕಟ್ಟಿಕೊಂಡು ಪೊರಕೆ ಹಾಗೆ ಕಾಣುತ್ತವೆ. ಗುತ್ತಿಗೆದಾರ ಫೋನ್ ಎತ್ತುವುದಿಲ್ಲ.

ಮೂರನೆಯದು ಭತ್ತ. ನನಗೆ ತುಂಬಾ ಇಷ್ಟವಾದ ಕಥೆ ಇದೇ.

ಭತ್ತದ ಒಟ್ಲಿನಲ್ಲಿ, ಅಂದರೆ ಸಸಿ ಮಡಿಯಲ್ಲಿ, ಕೆಲವು ಸಸಿ ಉಳಿದವನ್ನೆಲ್ಲ ಮೀರಿ ಸರ್‍ರನೆ ಎದ್ದುಬಿಡುತ್ತವೆ. ಪೇಲವ, ಸಣಕಲು. ನೋಡಿದವರು ಆಹಾ ಏನು ಬೆಳವಣಿಗೆ ಅನ್ನಬೇಕು. ಆಮೇಲೆ ಸಾಯುತ್ತವೆ, ಉಳಿದರೂ ಕಾಳು ಕಟ್ಟುವುದಿಲ್ಲ. ಜಪಾನಿನ ರೈತರು ಇದನ್ನು ಬಕಾನೆ ಅಂತ ಕರೆದರು, ಹುಚ್ಚು ಸಸಿ ಅಂತಲೇ ಹೇಳಬಹುದು. 1926ರಲ್ಲಿ ತೈವಾನಿನಲ್ಲಿ ಕೆಲಸ ಮಾಡುತ್ತಿದ್ದ ಎಯಿಚಿ ಕುರೊಸಾವಾ ಎಂಬ ಜಪಾನಿ ವಿಜ್ಞಾನಿ, ಆ ರೋಗದ ಬೂಷ್ಟು ಬೆಳೆಸಿದ ದ್ರವವನ್ನು ಸೋಸಿ, ಬೂಷ್ಟೇ ಇಲ್ಲದ ಆ ನೀರನ್ನು ಆರೋಗ್ಯದ ಸಸಿಗೆ ಕೊಟ್ಟರು. ಅದಕ್ಕೂ ಹುಚ್ಚು ಹಿಡಿಯಿತು. ಅಂದರೆ ಬೂಷ್ಟು ಏನೋ ವಸ್ತು ಬಿಡುತ್ತಿದೆ. 1930ರ ದಶಕದಲ್ಲಿ ಯಬುಟಾ ಅನ್ನುವವರು ಅದನ್ನು ಬೇರ್ಪಡಿಸಿ, ಗಿಬ್ಬೆರೆಲ್ಲಾ ಅನ್ನುವ ಆ ಬೂಷ್ಟಿನ ಹೆಸರಿನಿಂದಲೇ ಗಿಬ್ಬೆರೆಲಿನ್ ಅಂತ ಕರೆದರು. ಗಿಡಗಳೇ ಇದನ್ನು ತಮ್ಮೊಳಗೆ ತಯಾರಿಸುತ್ತವೆ ಅನ್ನೋದು ಗೊತ್ತಾಗಿದ್ದು ಎಷ್ಟೋ ಆಮೇಲೆ. ಭಾವ ದ್ರಾಕ್ಷಿಗೆ ಅದ್ದುವ ಪುಡಿಯ ಮೂಲಪುರುಷ ಒಂದು ಭತ್ತದ ರೋಗ ಅಂತ ಹೇಳಿದರೆ ಅವರು ನಂಬಲಿಲ್ಲ. "ಸುಮ್ನೆ ಇರಪ್ಪ" ಅಂದರು.

ಈಗ ಇದರ ಇನ್ನೊಂದು ತುದಿ. ತಾತನ ಕಾಲದಲ್ಲಿ ಕೆರೆ ಕೆಳಗೆ ನಮಗೂ ಒಂದಿಷ್ಟು ಗದ್ದೆ ಇತ್ತು. ಆಗಿನ ಭತ್ತ ಎದೆಯುದ್ದ ಬರುತ್ತಿತ್ತಂತೆ. ಯೂರಿಯಾ ಬಂದ ಹೊಸದರಲ್ಲಿ ಎಲ್ಲರೂ ಹಾಕಿದರು. ಪೈರು ಇನ್ನೂ ಎತ್ತರ ಬಂತು, ತೆನೆ ಭಾರ ಆಯಿತು, ಒಂದು ಗಾಳಿ ಮಳೆಗೆ ಎಲ್ಲ ಮಲಗಿತು. ಹಾಕಿದ ಗೊಬ್ಬರ ಕಾಳಿಗೆ ಹೋಗುವ ಬದಲು ಹುಲ್ಲಿಗೆ ಹೋಗಿ, ಹುಲ್ಲು ಕೆಸರಿಗೆ ಹೋಯಿತು. ಇದು ನಮ್ಮ ಊರಿನ ಕಷ್ಟ ಮಾತ್ರ ಅಲ್ಲ, ಇಡೀ ಏಷ್ಯಾದ ಕಷ್ಟ.

ಫಿಲಿಪ್ಪೀನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಪೀಟರ್ ಜೆನ್ನಿಂಗ್ಸ್ 1962ರಲ್ಲಿ ಪೇಟಾ ಅನ್ನುವ ಇಂಡೋನೇಷ್ಯಾದ ಎತ್ತರದ ಭತ್ತವನ್ನು ಡೀ-ಜಿಯೋ-ವೂ-ಜೆನ್ ಅನ್ನುವ ತೈವಾನಿನ ಕುಳ್ಳ ಭತ್ತದ ಜೊತೆ ಸೇರಿಸಿದರು. ಅದರ ಸಂತಾನದಿಂದ ಆರಿಸಿದ ಒಂದು ಸಾಲು 1966ರಲ್ಲಿ ಐಆರ್8 ಆಗಿ ಹೊರಬಂತು. ಕುಳ್ಳ, ಗಟ್ಟಿ ಕಾಂಡ, ಎಷ್ಟು ಯೂರಿಯಾ ಹಾಕಿದರೂ ನಿಂತಿತು. ಅಪ್ಪ ಹೇಳುವ ಪ್ರಕಾರ ಅದರ ಅನ್ನ ಬಿಸಿಯಲ್ಲಿ ಪರವಾಗಿಲ್ಲ, ಆರಿದರೆ ಗೋಡೆಗೆ ಹೊಡೆದರೆ ಗೋಡೆ ಬೀಳಬೇಕು. ಹೊಟ್ಟೆ ತುಂಬಿತಲ್ಲ, ಅದೇ ದೊಡ್ಡದು ಆಗ.

ತಮಾಷೆ ಏನು ಗೊತ್ತಾ? ಆ ಭತ್ತ ಯಾಕೆ ಕುಳ್ಳ ಅಂತ ಅದನ್ನು ಮಾಡಿದವರಿಗೇ ಗೊತ್ತಿರಲಿಲ್ಲ. ಕಾರಣ ಸಿಕ್ಕಿದ್ದು 36 ವರ್ಷ ಆದ ಮೇಲೆ, 2002ರಲ್ಲಿ. ಆ ತಳಿಯಲ್ಲಿ ಗಿಬ್ಬೆರೆಲಿನ್ ತಯಾರಿಸುವ ಒಂದು ಕಿಣ್ವದ ಜೀನ್ ಕೆಟ್ಟಿದೆ. ಗಿಬ್ಬೆರೆಲಿನ್ ಕಮ್ಮಿ, ಅದಕ್ಕೇ ಕುಳ್ಳ. ಗೋಧಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಅವರ ಕುಳ್ಳ ಗೋಧಿಯ ಗುಟ್ಟು ಅದಕ್ಕೆ ಮೂರು ವರ್ಷ ಮುಂಚೆ, 1999ರಲ್ಲಿ ಸಿಕ್ಕಿತ್ತು. ಅಲ್ಲಿ ಗಿಬ್ಬೆರೆಲಿನ್ ಬೇಕಾದಷ್ಟಿದೆ, ಗಿಡಕ್ಕೆ ಕೇಳಿಸುವುದಿಲ್ಲ. ಭತ್ತದಲ್ಲಿ ಹೇಳುವವರ ದನಿ ಸಣ್ಣದು, ಗೋಧಿಗೆ ಕಿವಿ ಮಂದ. ಹಸಿರು ಕ್ರಾಂತಿ ಅಂತ ನಾವು ಶಾಲೆಯಲ್ಲಿ ಐದು ಅಂಕಕ್ಕೆ ಬರೆದದ್ದರ ಒಳಗೆ ಇದ್ದದ್ದು ಇಷ್ಟು. ದ್ರಾಕ್ಷಿಗೆ ದುಡ್ಡು ಕೊಟ್ಟು ತಂದು ಅದ್ದುವ ವಸ್ತುವನ್ನೇ ಭತ್ತದಲ್ಲಿ ಕಮ್ಮಿ ಮಾಡಿದ್ದಕ್ಕೆ ಕೋಟಿಗಟ್ಟಲೆ ಜನರಿಗೆ ಅನ್ನ ಸಿಕ್ಕಿತು. ಇಂಥದ್ದನ್ನು ಟಾನಿಕ್ ಅಂತ ಕರೆದರೆ ಹೆಂಗೆ?

ಎತ್ತರದ ಕಥೆ ಆಯಿತು, ಕಾಳಿನದು ಇನ್ನೊಂದು. ಅದು ಸೈಟೋಕೈನಿನ್, ಕವಲೊಡೆದು ಹೆಚ್ಚಾಗು ಅನ್ನುವ ಮಾತು. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಅಶಿಕಾರಿ ಮತ್ತು ಮತ್ಸುಒಕಾ ಅವರ ತಂಡ 2005ರಲ್ಲಿ ಒಂದು ವಿಷಯ ಹೇಳಿತು. ಹಬಟಾಕಿ ಅನ್ನುವ ಭತ್ತದ ತಳಿಯ ತೆನೆಯಲ್ಲಿ ಕೊಶಿಹಿಕಾರಿ ತಳಿಗಿಂತ ಕಾಳು ಬಹಳ ಜಾಸ್ತಿ. ಯಾಕೆ ಅಂತ ಹುಡುಕಿದರೆ, ಸೈಟೋಕೈನಿನ್ನನ್ನು ಕರಗಿಸುವ ಕಿಣ್ವ ಹಬಟಾಕಿಯಲ್ಲಿ ಕಮ್ಮಿ. ನಮ್ಮ ಕಡೆ ಮಾತಲ್ಲಿ ಹೇಳಬೇಕು ಅಂದರೆ, ಕೆರೆಗೆ ಹೊಸ ನೀರು ಬರಲಿಲ್ಲ, ತೂಬು ಬಿಗಿ ಆಯಿತು. ನೀರು ನಿಂತಿತು. ತೆನೆ ಹುಟ್ಟುವ ಜಾಗದಲ್ಲಿ ಸೈಟೋಕೈನಿನ್ ನಿಂತಿತು, ಕಾಳು ಹೆಚ್ಚಾಯಿತು.

ಈ ತೂಬಿನ ಸುದ್ದಿ ಈಗ ನಮ್ಮ ಅಂಗಡಿ ಬಾಗಿಲಿಗೂ ಬಂದಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಕೃಷಿ ಸಚಿವರು ಜೀನ್ ತಿದ್ದಿದ ಎರಡು ಭತ್ತದ ತಳಿ ಪ್ರಕಟಿಸಿದರಲ್ಲ, ಅದರಲ್ಲಿ ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯ ಕಮಲಾ ಇದೇ ತೂಬು ತಿದ್ದಿದ ತಳಿ. ತಿದ್ದಿದ್ದು ಯಾವುದನ್ನು? ಸಾಂಬಾ ಮಸೂರಿಯನ್ನು, ಅಕ್ಕಿ ಅಂಗಡಿಯಲ್ಲಿ ನಾವು ಬಿಪಿಟಿ ಅಂತ ಕೇಳಿ ತರುವುದನ್ನು. ಬೇರೆ ಜೀವಿಯ ಜೀನ್ ತಂದು ಸೇರಿಸಿಲ್ಲ, ಇದ್ದ ಜೀನನ್ನೇ ಕತ್ತರಿಸಿ ಕೆಡಿಸಿದ್ದಾರೆ. ಇಳುವರಿ ಶೇಕಡಾ 19 ಜಾಸ್ತಿ, ಸುಮಾರು 20 ದಿನ ಮುಂಚೆ ಕೊಯ್ಲಿಗೆ ಬರುತ್ತದೆ ಅನ್ನೋದು ಸರ್ಕಾರ ಕೊಟ್ಟ ಲೆಕ್ಕ. ಆ ಲೆಕ್ಕವನ್ನು ಪ್ರಶ್ನೆ ಮಾಡಿದವರೂ ಇದ್ದಾರೆ. ನನ್ನ ಅನಿಸಿಕೆ ಕೇಳಿದರೆ, ವಿಜ್ಞಾನ ಗಟ್ಟಿ ಇದೆ. ಇಳುವರಿಯ ಮಾತನ್ನು ಮಾತ್ರ ರೈತನ ಗದ್ದೆಯಲ್ಲಿ ಎರಡು ಮೂರು ಬೆಳೆ ನೋಡಿ ಆಮೇಲೆ ನಂಬೋಣ. ತೆನೆಯಲ್ಲಿ ಕಾಳಿನ ಮನೆ ಜಾಸ್ತಿ ಕಟ್ಟಬಹುದು, ಆ ಮನೆಗಳಿಗೆಲ್ಲ ಹಾಲು ತುಂಬಬೇಕಾದ್ದು ಎಲೆ ತಾನೇ. ಎಲೆಗೆ ಆಗದಿದ್ದರೆ ಜೊಳ್ಳು.

ಭತ್ತದ ಮಾತು ಇಷ್ಟು ಆಡಿದೆ, ಆದರೆ ನಮ್ಮ ಹೊಟ್ಟೆ ರಾಗಿಯದು.

2021ರ ನವೆಂಬರ್ ಮಳೆ ಕೋಲಾರದವರು ಯಾರೂ ಮರೆತಿಲ್ಲ. ಕೊಯ್ಯುವ ಹೊತ್ತಿಗೆ ಸರಿಯಾಗಿ ಹಿಡಿಯಿತು, ಬಿಡಲೇ ಇಲ್ಲ. ಎಷ್ಟೋ ವರ್ಷ ತುಂಬದ ಕೆರೆಗಳು ಕೋಡಿ ಹೋದವು. ಅದು ಖುಷಿ. ಹೊಲದಲ್ಲಿ ರಾಗಿ ಮಲಗಿ, ತೆನೆ ನೀರಿಗೆ ತಾಗಿ, ತೆನೆಯಲ್ಲೇ ಮೊಳಕೆ ಬಂತು. ಅಪ್ಪ ಒಂದು ತೆನೆ ಕಿತ್ತು ತಂದು ಜಗಲಿ ಮೇಲೆ ಇಟ್ಟರು. ಬೆರಳು ಮಡಚಿದ ಹಾಗಿರುವ ರಾಗಿ ತೆನೆ, ಅದರ ಮೇಲೆಲ್ಲ ಬಿಳಿ ಬಿಳಿ ಸೂಜಿ ಚುಚ್ಚಿದ ಹಾಗೆ ಮೊಳಕೆ. ಏನೂ ಮಾತಾಡಲಿಲ್ಲ ಅಪ್ಪ.

ಇದೂ ಹಾರ್ಮೋನಿನ ಜಗಳವೇ. ಕಾಳನ್ನು ಮಲಗಿಸಿ ಇಡುವುದು ಅಬ್ಸಿಸಿಕ್ ಆಮ್ಲ, ಎಬ್ಬಿಸುವುದು ನಮ್ಮ ಅದೇ ಗಿಬ್ಬೆರೆಲಿನ್. ಮಲಗಿಸುವ ಕೈ ಸೋತ ಹೊತ್ತಲ್ಲಿ ನೀರು ತಾಗಿದರೆ ಎಬ್ಬಿಸುವ ಕೈ ಗೆಲ್ಲುತ್ತದೆ. ಕಾಳಿನೊಳಗಿನ ಹಿಟ್ಟು ಸಕ್ಕರೆಯಾಗಲು ಶುರುವಾಗುತ್ತದೆ. ಮಜಾ ಅಂದರೆ ಅಮ್ಮ ಅಡುಗೆಮನೆಯಲ್ಲಿ ಬೇಕು ಅಂತಲೇ ಮಾಡುವುದು ಇದನ್ನೇ. ರಾಗಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಮೊಳೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ಅಕ್ಕನ ಮಗುವಿಗೆ ಕಳಿಸುತ್ತಾರೆ. ಸಕ್ಕರೆ ಹಾಕದಿದ್ದರೂ ಒಂದು ಚೂರು ಸಿಹಿ ಇರುತ್ತದೆ ಅದರ ಗಂಜಿ. ಗಂಟಿನಲ್ಲಿ ಆದರೆ ಮಗುವಿಗೆ ಊಟ, ಹೊಲದಲ್ಲಿ ಆದರೆ ನಮಗೆ ನಷ್ಟ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಮತ್ತು ಜೊತೆಗಾರರು 2017ರಲ್ಲಿ ಎಂಎಲ್-365 ಅನ್ನುವ ರಾಗಿ ತಳಿಯ ಜೀನೋಮ್, ಅಂದರೆ ಅದರ ಜೀನುಗಳ ಬರಹ, ಓದಿ ಪ್ರಕಟಿಸಿದ್ದಾರೆ. ಇದನ್ನು ಓದಿದ ದಿನ ನನಗೆ ಬಂದ ಮೊದಲ ಆಸೆ, ಭತ್ತಕ್ಕೆ ಮಾಡಿದ್ದನ್ನು ರಾಗಿಗೂ ಮಾಡಲಿ ಅನ್ನೋದು. ಆ ಗಿಬ್ಬೆರೆಲಿನ್ ಜೀನು ಹುಡುಕಲಿ, ರಾಗಿ ಕುಳ್ಳ ಆಗಲಿ, ಮಲಗದೆ ನಿಲ್ಲಲಿ. ರಾತ್ರಿ ಮುದ್ದೆ ಮುರಿಯುತ್ತಾ ಅಪ್ಪನಿಗೆ ಇದೆಲ್ಲ ವಿವರಿಸಿದೆ. ಹುಚ್ಚು ಸಸಿ, ಐಆರ್8, ತೂಬು, ಎಲ್ಲ. ಅರ್ಧ ಗಂಟೆ ಹೇಳಿದ್ದೇನೆ. ಅಪ್ಪ ಸಾರು ಸುರಿದುಕೊಂಡು ಕೇಳಿದರು.

"ಎಷ್ಟು ಕುಳ್ಳ?"

"ಮಂಡಿಯುದ್ದ ಅಂತಿಟ್ಕೋ."

"ಹುಲ್ಲು?"

ನಾನು ಸುಮ್ಮನಾದೆ. ನಮ್ಮನೆಯಲ್ಲಿ ಮೂರು ಸೀಮೆ ಹಸು ಇವೆ. ಡೈರಿಗೆ ಹಾಕುವ ಹಾಲಿನ ದುಡ್ಡಲ್ಲೇ ವಾರದ ಖರ್ಚು ನಡೆಯುವುದು. ಟೊಮೆಟೊ ಮುಳುಗಿಸಿದ ವರ್ಷ ನಮ್ಮನ್ನು ತೇಲಿಸಿದ್ದೂ ಅದೇ. ಮನೆ ಪಕ್ಕ ರಾಗಿ ಹುಲ್ಲಿನ ಮೆದೆ ಇಲ್ಲದಿದ್ದರೆ ಬೇಸಿಗೆಯಲ್ಲಿ ಆ ಹಸುಗಳಿಗೆ ಏನೂ ಇಲ್ಲ. ಭತ್ತದವರಿಗೆ ಬೇಡವಾದ ಉದ್ದ ನಮಗೆ ಬೇಕು. ಬೇಕಾದ್ದು ಕುಳ್ಳ ಅಲ್ಲ, ಎತ್ತರ ಇದ್ದೂ ಮುರಿಯದ ಕಾಂಡ. ಮಳೆಯಲ್ಲಿ ಇನ್ನೂ ನಾಲ್ಕು ದಿನ ನಿದ್ದೆ ಮಾಡುವ ಕಾಳು. ಆ ಮಾತನ್ನು ರಾಗಿಗೆ ಹೇಗೆ ಹೇಳಿಸೋದು ಅನ್ನೋದು ಬೇರೆಯದೇ ಲೆಕ್ಕ.

ಅಷ್ಟರಲ್ಲಿ ಅಪ್ಪ ತಟ್ಟೆ ತೊಳೆದು ಎದ್ದರು. ಕೊಟ್ಟಿಗೆ ಕಡೆ ಹೋಗುತ್ತಾ ಹೇಳಿದರು. "ಹುಲ್ಲಿಲ್ದೆ ಇದ್ರೆ ಹಸುಗೇನು ನಿನ್ನ ಅಂಗ್ಡಿ ಟಾನಿಕ್ ಕುಡಿಸ್ತೀಯಾ?"